ಆ ಸಾಲು ಯಾರ ಕಡತದಲ್ಲಿದೆ?

ಎಲೆಕ್ಟ್ರಿಕ್ ವಾಹನದ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆ ಕೇಳುತ್ತವೆ: ‘ಸರ್ಕಾರಕ್ಕೆ ಹೇಳಬೇಕು ಅಂತ ಮನಸ್ಸಿದೆ, ಯಾರಿಗೆ ಬರೀಬೇಕು? ಬರೆದರೆ ಓದುತ್ತಾರಾ?’ ಕಳೆದ ತಿಂಗಳು ಬಂದ ಒಂದು ಪತ್ರವನ್ನಂತೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಬರೆದವರು ಎಪಿಎಂಸಿ ಯಾರ್ಡಿನಿಂದ ಅಂಗಡಿಗಳಿಗೆ ತರಕಾರಿ ಸಾಗಿಸುವ ಗೂಡ್ಸ್ ಆಟೋದವರು. ಡೀಸೆಲ್ ಗಾಡಿ ಮಾರಿ, ಮೇಲೆ ಸಾಲ ಮಾಡಿ ಬ್ಯಾಟರಿ ಗಾಡಿ ತೆಗೆದುಕೊಂಡಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಲೋಡು ಶುರುವಾದರೆ ಹನ್ನೊಂದರ ಹೊತ್ತಿಗೆ ಚಾರ್ಜು ಕಾಲು ಭಾಗಕ್ಕೆ ಇಳಿಯುತ್ತದೆ. ಯಾರ್ಡಿನಲ್ಲಿ ಪ್ಲಗ್ ಇಲ್ಲ. ಆರು ಕಿಲೋಮೀಟರ್ ಖಾಲಿ ಗಾಡಿ ಓಡಿಸಿಕೊಂಡು ಮನೆಗೆ ಹೋಗಿ, ಚಾರ್ಜಿಗೆ ಹಾಕಿ, ಮಧ್ಯಾಹ್ನದ ಬಾಡಿಗೆ ಬಿಟ್ಟು ಕೂರುತ್ತಾರೆ. ‘ಸಾರ್, ಯಾರ್ಡಲ್ಲೊಂದು ಪ್ಲಗ್ ಇದ್ದಿದ್ರೆ ದಿನಕ್ಕೆ ಇನ್ನೆರಡು ಟ್ರಿಪ್ ಆಗೋದು. ಮುಖ್ಯಮಂತ್ರಿಗಳಿಗೇ ಪತ್ರ ಹಾಕಿದೀನಿ, ಮೂರು ತಿಂಗ್ಳಾಯ್ತು’ ಎಂದು ಬರೆದಿದ್ದಾರೆ.

ಆ ಪತ್ರ ಓದುವಾಗ ನನ್ನದೇ ಹಳೆಯ ಪತ್ರ ಓದಿದಂತಾಯಿತು.

2021ರಲ್ಲಿ ನಾನು ಬ್ಯಾಟರಿ ಸ್ಕೂಟರ್ ಕೊಂಡೆ. ಆಗ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ನೆಲಮಾಳಿಗೆಯ ಪಾರ್ಕಿಂಗಿಗೆ ಪ್ಲಗ್ ಹಾಕಿಸಲು ಸಂಘ ಒಪ್ಪಲಿಲ್ಲ. ‘ಕಾನೂನಲ್ಲಿ ಅವಕಾಶ ಇಲ್ಲ, ನಾಳೆ ಬೆಂಕಿ ಬಿದ್ದರೆ ಯಾರು ಹೊಣೆ’ ಎಂದರು. ಎರಡನೇ ಮಹಡಿಯ ಅಡುಗೆಮನೆ ಕಿಟಕಿಯಿಂದ ಉದ್ದನೆಯ ವೈರು ಇಳಿಬಿಟ್ಟು, ಗಾಡಿಯನ್ನು ಕಾಂಪೌಂಡಿನ ಪಕ್ಕ ನಿಲ್ಲಿಸಿ ಚಾರ್ಜು ಮಾಡುತ್ತಿದ್ದೆವು. ಮೋಡ ಕಟ್ಟಿದರೆ ಸಾಕು, ಮಗಳು ಓದು ಬಿಟ್ಟು ಓಡಿಬಂದು ಸ್ವಿಚ್ಚು ಆರಿಸುತ್ತಿದ್ದಳು. ಒಂದು ರಾತ್ರಿ ಮಳೆಗೆ ಎಚ್ಚರವಾಗಿ ಕೆಳಗಿಳಿದು ನೋಡಿದರೆ, ವೈರಿನ ಜೋಡಣೆ ನೀರಿಗೆ ಒಂದು ಗೇಣು ದೂರದಲ್ಲಿತ್ತು. ಮರುದಿನ ಕೂತು ಮೂರು ಪುಟದ ಮನವಿ ಬರೆದೆ. ಅದರಲ್ಲಿ ದೆಹಲಿಯ ಹೊಗೆ ಇತ್ತು, ಕರಗುವ ಹಿಮನದಿ ಇತ್ತು, ಮುಂದಿನ ತಲೆಮಾರಿನ ಪಾಡಿತ್ತು. ಕೊನೆಗೆ ‘ಸರ್ಕಾರ ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ’ ಎಂದು ಸಹಿ ಹಾಕಿ ಒಂದು ಇಲಾಖೆಗೆ ಕಳಿಸಿದೆ. ನಾಲ್ಕು ತಿಂಗಳ ಮೇಲೆ ಹಿಂಬರಹ ಬಂತು: ಮುಂದಿನ ಅಗತ್ಯ ಕ್ರಮಕ್ಕಾಗಿ ಮನವಿಯನ್ನು ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಲಾಗಿದೆ. ಯಾವ ಇಲಾಖೆ ಎಂದು ಅದರಲ್ಲಿರಲಿಲ್ಲ.

ನಮ್ಮ ಬೀದಿಯಲ್ಲಿ ಸಚಿವಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದರು. ಹಿಂಬರಹ ಮತ್ತು ನನ್ನ ಮನವಿಯ ನಕಲು ಎರಡನ್ನೂ ತೆಗೆದುಕೊಂಡು ಅವರ ಮನೆಗೆ ಹೋದೆ. ಪೆನ್ಸಿಲ್ ಹಿಡಿದು ಮೂರೂ ಪುಟ ಓದಿದರು. ಎಲ್ಲೂ ಗುರುತು ಹಾಕಲಿಲ್ಲ. ಕೊನೆಯ ಪುಟದಲ್ಲಿ ‘ಸೂಕ್ತ ಕ್ರಮ’ ಎಂಬ ಎರಡು ಪದಗಳ ಸುತ್ತ ಒಂದು ವೃತ್ತ ಎಳೆದರು.

‘ಇದೇನು ಸ್ವಾಮಿ? ನೀವು ಬರೆದಿರೋದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದ್ರೆ ಇದು ಮೊದಲು ಬಂದು ಬೀಳೋದು ಒಬ್ಬ ಕೇಸ್ ವರ್ಕರ್ ಟೇಬಲ್ ಮೇಲೆ. ಅವನು ಟಿಪ್ಪಣಿ ಹಾಳೆ ಮೇಲೆ ಒಂದು ಪ್ಯಾರಾ ಬರೆದು ಮೇಲಕ್ಕೆ ಕಳಿಸಬೇಕು. ಕೆಳಗೆ ಅನುಮೋದನೆಗೆ ಅಂತ ಹಾಕ್ತಾನಲ್ಲ, ಯಾವುದರ ಅನುಮೋದನೆಗೆ? ಆ ಪ್ಯಾರಾ ನೀವು ಕೊಟ್ಟಿಲ್ಲ. ಅವನಿಗೆ ಗೊತ್ತಿರೋ ದಾರಿ ಒಂದೇ, ಬೇರೆ ಇಲಾಖೆಗೆ ತಳ್ಳೋದು.’

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನೇ ಈಗ ನನಗೆ ಪತ್ರ ಬರೆಯುವ ಎಲ್ಲರಿಗೂ ಕೇಳುತ್ತಿದ್ದೇನೆ. ನಿಮ್ಮ ಕಷ್ಟ ಯಾವ ಆದೇಶದ ಯಾವ ಸಾಲಿನಲ್ಲಿದೆ? ಅಥವಾ ಯಾವ ಆದೇಶದಲ್ಲಿ ಯಾವ ಸಾಲು ಇಲ್ಲದ್ದರಿಂದ ಬಂದಿದೆ? ಅವತ್ತು ಸಂಜೆ ಇಬ್ಬರೂ ಕೂತು ಹುಡುಕಿದೆವು. ನನ್ನ ವಿಷಯದಲ್ಲಿ ಸಾಲು ಆಗಲೇ ಇತ್ತು! ವಾಹನಕ್ಕೆ ಚಾರ್ಜು ಮಾಡಿಕೊಡುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಸ್ಪಷ್ಟಪಡಿಸಿತ್ತು. ಮನೆಯಲ್ಲಿ, ಕಚೇರಿಯಲ್ಲಿ ಖಾಸಗಿಯಾಗಿ ಚಾರ್ಜು ಮಾಡಿಕೊಳ್ಳಲು ಅವಕಾಶವಿರಬೇಕು ಎಂದು ಅದೇ ವರ್ಷದ ಡಿಸೆಂಬರ್‌ನ ಮಾರ್ಗಸೂಚಿ ಹೇಳಿತ್ತು. 2019ರ ಫೆಬ್ರುವರಿಯಲ್ಲಿ ಮಾದರಿ ಕಟ್ಟಡ ಉಪವಿಧಿಗಳಿಗೆ ತಿದ್ದುಪಡಿ ಬಂದು, ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ 20ರಷ್ಟು ಜಾಗಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದೂ ಆಗಿತ್ತು. ನಮ್ಮ ಕಟ್ಟಡ ಹಳೆಯದು, ಕೊನೆಯ ಸಾಲು ನಮಗೆ ಅನ್ವಯಿಸುತ್ತಿರಲಿಲ್ಲ. ಎರಡನೆಯದು ಸಾಕಾಯಿತು. ಆ ಪುಟವನ್ನು ಪ್ರಿಂಟ್ ತೆಗೆದು, ಆ ವಾಕ್ಯಕ್ಕೆ ಹಳದಿ ಬಣ್ಣ ಹಚ್ಚಿ, ಸಂಘದ ಮುಂದಿನ ಸಭೆಗೆ ಹೋದೆ. ಬೆಂಕಿಯ ಭಯಕ್ಕೂ ಉತ್ತರ ಒಯ್ದಿದ್ದೆ: ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್, ನನ್ನ ಖರ್ಚಿನಲ್ಲೇ ಸಬ್‌ಮೀಟರ್. ಇಪ್ಪತ್ತು ನಿಮಿಷದ ಚರ್ಚೆಯಲ್ಲಿ ಮುಗಿಯಿತು. ಈಗ ಆ ನೆಲಮಾಳಿಗೆಯಲ್ಲಿ ಒಂಬತ್ತು ಪ್ಲಗ್ ಇವೆಯಂತೆ.

ಅವತ್ತು ಅರ್ಥವಾದ ಇನ್ನೊಂದು ಸಂಗತಿ, ಯಾವ ಬಾಗಿಲು ತಟ್ಟಬೇಕೆಂಬುದು. ವಿದ್ಯುತ್ ವಾಹನ ರಸ್ತೆಯಲ್ಲಿ ಒಂದೇ ವಸ್ತುವಾಗಿ ಕಾಣುತ್ತದೆ. ಸರ್ಕಾರದಲ್ಲಿ ಅದು ಐದಾರು ಇಲಾಖೆಗೆ ಹಂಚಿಹೋಗಿದೆ. ಕರ್ನಾಟಕ 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ. ಆ ನೀತಿ ಹೊರಟಿದ್ದು ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆಯಿಂದ, ಸಾರಿಗೆ ಇಲಾಖೆಯಿಂದಲ್ಲ. 2025ರ ಫೆಬ್ರುವರಿಯಲ್ಲಿ ಹೂಡಿಕೆದಾರರ ಸಮಾವೇಶದಲ್ಲಿ ಬಿಡುಗಡೆಯಾದ, 2030ರವರೆಗಿನ ಕ್ಲೀನ್ ಮೊಬಿಲಿಟಿ ನೀತಿಯೂ ಕೈಗಾರಿಕೆಯ ಕಣ್ಣಿನಿಂದಲೇ ಹುಟ್ಟಿದ್ದು. ಕಾರ್ಖಾನೆ, ಹೂಡಿಕೆ, ಉದ್ಯೋಗ ಅದರ ಮೊದಲ ಕಾಳಜಿ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಊರಿನ ಸಿಟಿ ಬಸ್ಸು ಸಾಲದು ಎಂಬ ದೂರನ್ನು ಅಲ್ಲಿಗೆ ಒಯ್ದರೆ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಬಸ್ಸು ಸಾರಿಗೆ ನಿಗಮದ್ದು. ಚಾರ್ಜಿಂಗ್ ಕೇಂದ್ರದ ಸಂಪರ್ಕ ವಿದ್ಯುತ್ ಸರಬರಾಜು ಕಂಪನಿಯದು, ಅದರ ದರ ವಿದ್ಯುತ್ ನಿಯಂತ್ರಣ ಆಯೋಗದ್ದು. ರಸ್ತೆ ತೆರಿಗೆ ಸಾರಿಗೆ ಇಲಾಖೆಯದಾದರೂ ತೀರ್ಮಾನ ಆರ್ಥಿಕ ಇಲಾಖೆಯ ಒಪ್ಪಿಗೆಯ ಮೇಲೆ. ಕಟ್ಟಡದ ನಿಯಮ ನಗರಾಭಿವೃದ್ಧಿಯದು. ಜಿಎಸ್‌ಟಿ ಆದರೆ ಜಿಎಸ್‌ಟಿ ಮಂಡಳಿ. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನದ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು ಅಲ್ಲಿ.

ಒಂದು ಸಾಲಿನಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಒಂದು ಕಾರು ಸಾಕ್ಷಿ. ಬೊಮ್ಮಸಂದ್ರದಲ್ಲಿ ತಯಾರಾದ ರೇವಾ 2001ರಲ್ಲಿ ಮಾರುಕಟ್ಟೆಗೆ ಬಂತು. ಎರಡು ಬಾಗಿಲಿನ ಪುಟ್ಟ ಗಾಡಿ. ಬೆಂಗಳೂರಿನಲ್ಲಿ ಅದನ್ನು ಜನ ತಿರುಗಿ ನೋಡಿದರು, ಕೊಂಡವರು ಕಡಿಮೆ. ಅದೇ ಕಾರು 2004ರಿಂದ ಜೀ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಓಡತೊಡಗಿತು, ಕೆಲವೇ ವರ್ಷದಲ್ಲಿ ಅಲ್ಲಿನ ಬೀದಿಗಳಲ್ಲಿ ನೂರಾರು ಕಾಣಿಸಿದವು. ಕಾರಿನ ಗುಣದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. 2003ರ ಫೆಬ್ರುವರಿಯಿಂದ ಲಂಡನ್ ನಗರದ ನಡುಭಾಗಕ್ಕೆ ಕಾರು ತಂದವರು ದಿನಕ್ಕೆ 5 ಪೌಂಡ್ ದಟ್ಟಣೆ ಶುಲ್ಕ ಕಟ್ಟಬೇಕಿತ್ತು. ವಿದ್ಯುತ್ ಕಾರಿಗೆ ವಿನಾಯಿತಿ ಎಂಬ ಒಂದು ಸಾಲು ಆ ನಿಯಮದಲ್ಲಿತ್ತು. ನಮ್ಮ ಕೈಯಿಂದ ಮಾಡಿದ ಗಾಡಿಗೆ ಗಿರಾಕಿ ಸಿಕ್ಕಿದ್ದು ಬೇರೆ ದೇಶದ ನಗರಾಡಳಿತ ಬರೆದ ಸಾಲಿನಿಂದ. ಅದನ್ನು ನೆನೆದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗೆಂದು ಯಾವ ಸಾಲಾದರೂ ಆಗುತ್ತದೆಯೆ? ಇಲ್ಲಿ ನನಗೊಂದು ಬಲವಾದ ಅಭಿಪ್ರಾಯವಿದೆ. ಅದನ್ನು ಹೇಳುವ ಮೊದಲು ದೆಹಲಿಯ ಕಥೆ ಹೇಳಬೇಕು.

ವಕೀಲ ಎಂ.ಸಿ. ಮೆಹ್ತಾ ಅವರು ದೆಹಲಿಯ ಹೊಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು 1985ರಲ್ಲಿ. ಹತ್ತು ವರ್ಷಕ್ಕೂ ಮೇಲ್ಪಟ್ಟು ಕೇಸು ಎಳೆಯಿತು. 1996ರಲ್ಲಿ ಅನಿಲ್ ಅಗರವಾಲ್ ಅವರ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ವಾಹನಗಳ ಹೊಗೆಯ ಬಗ್ಗೆ ‘ಸ್ಲೋ ಮರ್ಡರ್’ ಎಂಬ ವರದಿ ತಂದಿತು. ಇಂಧನದ ಗುಣಮಟ್ಟ, ಎಂಜಿನ್‌ನ ಗುಣಮಟ್ಟ, ತಪಾಸಣೆ ಎಂದು ತಪ್ಪುಗಳನ್ನು ಬಿಡಿಬಿಡಿಯಾಗಿ ಎತ್ತಿ ತೋರಿಸಿದ ವರದಿ ಅದು. 1998ರಲ್ಲಿ ಭೂರೇಲಾಲ್ ಅವರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೊಂದು ರಚನೆಯಾಯಿತು. ಅದರ ಶಿಫಾರಸುಗಳನ್ನು ಇಟ್ಟುಕೊಂಡು ಕೋರ್ಟು ಆ ವರ್ಷ ಜುಲೈ 28ರಂದು ಕೊಟ್ಟ ಆದೇಶದಲ್ಲಿ ‘ಸೂಕ್ತ ಕ್ರಮ’ ಎಂಬ ಮಾತಿಲ್ಲ, ತಾರೀಖುಗಳಿವೆ. ನಗರದ ಎಲ್ಲ ಬಸ್ಸುಗಳೂ 2001ರ ಮಾರ್ಚ್ 31ರೊಳಗೆ ಸಿಎನ್‌ಜಿಗೆ ಬದಲಾಗಬೇಕು. ಬಸ್ಸುಗಳ ಸಂಖ್ಯೆ 2001ರ ಏಪ್ರಿಲ್ 1ರ ಹೊತ್ತಿಗೆ 10,000 ಆಗಬೇಕು.

ಮೊದಲ ಸಾಲಿಗೆ ದೊಡ್ಡ ಗದ್ದಲವೇ ಎದ್ದಿತು. ಬಸ್ ಮಾಲೀಕರು ಮುಷ್ಕರ ಹೂಡಿದರು, ಗ್ಯಾಸ್ ತುಂಬಿಸಲು ಆಟೋ ಮತ್ತು ಬಸ್ಸುಗಳು ಕಿಲೋಮೀಟರುಗಟ್ಟಲೆ ಸಾಲು ನಿಂತವು, ಗಡುವು ಮುಂದಕ್ಕೆ ಹೋಯಿತು. ಆದರೂ ಆಯಿತು. 2002ರ ಕೊನೆಯ ಹೊತ್ತಿಗೆ ದೆಹಲಿಯ ಬೀದಿಯಿಂದ ಡೀಸೆಲ್ ಸಿಟಿ ಬಸ್ಸು ಮಾಯವಾಯಿತು. ಎರಡನೆಯ ಸಾಲು ಏನಾಯಿತು? ಅದೇ ಆದೇಶದಲ್ಲಿದ್ದ 10,000 ಬಸ್ಸುಗಳ ಮಾತನ್ನು ಅಷ್ಟೇ ಹಟದಿಂದ ಹಿಡಿದು ಕೂತವರು ಕಡಿಮೆ. ಇಪ್ಪತ್ತು ವರ್ಷ ಕಳೆದರೂ ಸಂಖ್ಯೆ ಅಲ್ಲಿಗೆ ಮುಟ್ಟಲಿಲ್ಲ. ಬಸ್ಸು ಸಿಗದವರು ಬೈಕು, ಕಾರು ಕೊಂಡರು. ಸಿಎನ್‌ಜಿಯಿಂದ ಉಳಿಸಿದ ಗಾಳಿಯನ್ನು ಆ ಗಾಡಿಗಳು ತಿಂದು ಹಾಕಿದವು. ಬಸ್ಸಿನ ಹೊಟ್ಟೆಯಲ್ಲಿ ಏನು ಉರಿಯುತ್ತದೆ ಎಂಬುದರ ಮೇಲೆ ಎಲ್ಲರ ಕಣ್ಣಿತ್ತು, ಬಸ್ಸು ಎಷ್ಟಿವೆ ಎಂಬುದರ ಮೇಲೆ ಇರಲಿಲ್ಲ.

ಆದ್ದರಿಂದ ಸ್ವಚ್ಛ ಸಾರಿಗೆಗಾಗಿ ಸರ್ಕಾರದ ಬಾಗಿಲು ತಟ್ಟುವವರ ಮೊದಲ ಸಾಲು ಬಸ್ಸಿನದಾಗಿರಬೇಕು ಎಂದು ನಾನು ನಂಬಿದ್ದೇನೆ. ಲೆಕ್ಕ ಹಾಕಿ ನೋಡಿ. ನಗರದ ಒಂದು ದೊಡ್ಡ ಬಸ್ಸು ದಿನಕ್ಕೆ 200 ಕಿಲೋಮೀಟರ್ ಆಸುಪಾಸು ಓಡುತ್ತದೆ, ಲೀಟರಿಗೆ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್. ಅಂದರೆ ದಿನಕ್ಕೆ 50 ಲೀಟರ್ ಡೀಸೆಲ್. ದಿನಕ್ಕೆ 30 ಕಿಲೋಮೀಟರ್ ಓಡುವ, ಲೀಟರಿಗೆ 45 ಕೊಡುವ ಸ್ಕೂಟರ್ ಕುಡಿಯುವುದು ಮುಕ್ಕಾಲು ಲೀಟರಿಗೂ ಕಡಿಮೆ ಪೆಟ್ರೋಲ್. ಒಂದು ಬಸ್ಸು ಬದಲಾದರೆ ಎಪ್ಪತ್ತೈದು ಸ್ಕೂಟರ್ ಬದಲಾದಷ್ಟು ಎಣ್ಣೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಜೀವಮಾನದಲ್ಲಿ ಸ್ವಂತ ಗಾಡಿ ಕೊಳ್ಳದ ಮನೆಗೆಲಸದ ಹೆಣ್ಣುಮಗಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಕಾಲೇಜಿನ ಹುಡುಗ ಎಲ್ಲರೂ ಆ ಬಸ್ಸಿನಲ್ಲಿದ್ದಾರೆ. 2024ರಲ್ಲಿ 25 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ವಿದ್ಯುತ್ ಕಾರುಗಳಿಗೆ ನಮ್ಮ ರಾಜ್ಯ ಶೇ 10ರ ಆಜೀವ ತೆರಿಗೆ ಹಾಕಿದಾಗ, ಅದನ್ನು ವಿರೋಧಿಸುವ ಮನವಿಗೆ ಸಹಿ ಹಾಕಿ ಎಂದು ಸ್ನೇಹಿತರು ಕೇಳಿದರು. ಹಾಕಲಿಲ್ಲ. ಅಷ್ಟು ಬೆಲೆಯ ಕಾರು ಕೊಳ್ಳಬಲ್ಲವರ ಮಾತು ಮೇಲಿನವರಿಗೆ ಕೇಳಿಸಲು ನನ್ನ ಸಹಿ ಬೇಕಿಲ್ಲ ಅನ್ನಿಸಿತು.

ಬಸ್ಸಿನ ವಿಷಯದಲ್ಲಿ ನಾವು ಕಳೆದುಕೊಂಡ ವರ್ಷಗಳ ಲೆಕ್ಕವೂ ಇದೆ. 2014ರ ಫೆಬ್ರುವರಿಯಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಒಂದು ವಿದ್ಯುತ್ ಬಸ್ಸನ್ನು ಮೆಜೆಸ್ಟಿಕ್–ಕಾಡುಗೋಡಿ ದಾರಿಯಲ್ಲಿ ಪ್ರಯೋಗಕ್ಕೆ ಓಡಿಸಿತು. ಒಂದು ದಿನ ನಾನೂ ಹತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಸದ್ದೇ ಇಲ್ಲ. ಮುಂದಿನ ಸೀಟಿನ ಅಜ್ಜಿ ‘ಗಾಡಿ ಕೆಟ್ಟೋಯ್ತಾ ಮಗಾ?’ ಎಂದು ಕಂಡಕ್ಟರನ್ನು ಕೇಳಿದ್ದು, ಅವರು ‘ಇಲ್ಲಮ್ಮ, ಇದು ಹಿಂಗೇ’ ಎಂದದ್ದು ಬಸ್ಸಿಗೆಲ್ಲ ಕೇಳಿಸಿತು. ಕೆಲವು ತಿಂಗಳಲ್ಲಿ ಪ್ರಯೋಗ ಮುಗಿಯಿತು. ಆಮೇಲೆ 2018ರಲ್ಲಿ ಕೇಂದ್ರದ ಫೇಮ್ ಯೋಜನೆಯ ನೆರವು ಕೈಯಳತೆಯಲ್ಲಿತ್ತು, ಟೆಂಡರೂ ಆಗಿತ್ತು. ಬಸ್ಸನ್ನು ಗುತ್ತಿಗೆಗೆ ಪಡೆಯುವುದೋ ಸ್ವಂತಕ್ಕೆ ಕೊಳ್ಳುವುದೋ ಎಂಬ ವಾದದಲ್ಲಿ ಕಾಲ ಕಳೆದು ಆ ನೆರವು ಕೈತಪ್ಪಿತು. ವಿಧಾನಸೌಧದ ಮುಂದೆ ಮೊದಲ ವಿದ್ಯುತ್ ಬಸ್ಸುಗಳಿಗೆ ಹಸಿರು ನಿಶಾನೆ ಸಿಕ್ಕಿದ್ದು 2021ರ ಡಿಸೆಂಬರ್‌ನಲ್ಲಿ. ಮೆಟ್ರೊ ನಿಲ್ದಾಣಗಳಿಗೆ ಜನರನ್ನು ತಲುಪಿಸುವ ಒಂಬತ್ತು ಮೀಟರಿನ 90 ಫೀಡರ್ ಬಸ್ಸುಗಳ ಸರಣಿ ಅದು. ಆಮೇಲೆ 300, ಬಳಿಕ 921 ಎಂದು ವೇಗ ಬಂತು.

ಗುತ್ತಿಗೆಯೋ ಸ್ವಂತವೋ ಎಂಬ ಆ ವಾದ ಕ್ಷುಲ್ಲಕವಾಗಿತ್ತು ಎನ್ನಲಾರೆ. ಗುತ್ತಿಗೆ ಪದ್ಧತಿಯಲ್ಲಿ ಬಸ್ಸು ಕಂಪನಿಯದು, ಚಾಲಕರು ಕಂಪನಿಯವರು, ನಿರ್ವಾಹಕರು ಮಾತ್ರ ನಿಗಮದವರು. ನಿಗಮ ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಹಣ ಕಟ್ಟುತ್ತದೆ. ಬಂಡವಾಳ ಹೂಡುವ ಹೊರೆ ತಪ್ಪುತ್ತದೆ, ನಿಜ. ಆದರೆ ಕಂಪನಿಯ ಚಾಲಕನ ಸಂಬಳ, ತರಬೇತಿ, ವಿಶ್ರಾಂತಿ ಎಲ್ಲವೂ ಆ ಕರಾರಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಸಂಬಳಕ್ಕಾಗಿ ಆ ಚಾಲಕರು ಬಸ್ಸು ನಿಲ್ಲಿಸಿದ ದಿನಗಳನ್ನು ಬೆಂಗಳೂರು ನೋಡಿದೆ. ಕರಾರು ಬರೆಯುವ ಹೊತ್ತಿನಲ್ಲಿ ಪ್ರಯಾಣಿಕರ ಪರವಾಗಿ, ಚಾಲಕರ ಪರವಾಗಿ ಎರಡು ಸಾಲು ಸೇರಿಸಿ ಎಂದು ಕೇಳುವವರು ಬೇಕಿತ್ತು. ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆಯಂಥ ಸಂಘಟನೆಗಳು ದರ, ಸೌಕರ್ಯ, ಸಿಬ್ಬಂದಿಯ ಬದುಕು ಮೂರನ್ನೂ ಒಟ್ಟಿಗೆ ಹಿಡಿದು ಮಾತಾಡುವುದು ನನಗೆ ಇದಕ್ಕಾಗಿಯೇ ಇಷ್ಟ.

ಬೆಂಗಳೂರಿನಾಚೆಯ ಓದುಗರಿಗೆ ಈ ಬಾಗಿಲಿನ ವಿಷಯ ಇನ್ನಷ್ಟು ಮುಖ್ಯ. ದಾವಣಗೆರೆಯ ಮೇಷ್ಟ್ರೊಬ್ಬರು, ಕೇಂದ್ರದ ವಿದ್ಯುತ್ ವಾಹನ ಯೋಜನೆಯಾದ ಪಿಎಂ ಇ-ಡ್ರೈವ್‌ನಲ್ಲಿ ನಮ್ಮೂರಿಗೂ ಬಸ್ಸು ಕೊಡಿ ಎಂದು ಸಂಸದರಿಗೆ ಬರೆದು ಉತ್ತರ ಸಿಗದೆ ಬೇಸರಪಟ್ಟಿದ್ದರು. 2024ರ ಅಕ್ಟೋಬರ್ 1ರಿಂದ ಜಾರಿಯಾದ ಆ ಯೋಜನೆಯಲ್ಲಿ 14,028 ಬಸ್ಸುಗಳಿಗೆ 4,391 ಕೋಟಿ ರೂಪಾಯಿ ಇದೆ, ಆದರೆ ಅದು 40 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಒಂಬತ್ತು ಮಹಾನಗರಗಳಿಗೆ. ಕರ್ನಾಟಕದಲ್ಲಿ ಬೆಂಗಳೂರು ಮಾತ್ರ. ದಾವಣಗೆರೆ, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಬಾಗಿಲು ಬೇರೆ: 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ಇಬಸ್ ಸೇವಾ. ಅದು 3 ಲಕ್ಷದಿಂದ 40 ಲಕ್ಷದ ನಗರಗಳಿಗೆ, ಒಟ್ಟು 10,000 ಬಸ್ಸುಗಳಿಗೆ. ಮೊದಲಿನದು ಬೃಹತ್ ಕೈಗಾರಿಕೆ ಸಚಿವಾಲಯದ್ದು, ಎರಡನೆಯದು ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ್ದು. ಮೇಷ್ಟ್ರ ಪತ್ರದಲ್ಲಿ ಒಂದು ಹೆಸರು ಬದಲಾಗಿದ್ದರೆ ಅದು ತಲುಪಬೇಕಾದ ಮೇಜಿಗೆ ತಲುಪುತ್ತಿತ್ತು.

ಬೀದಿಗಿಳಿದು ಕೂಗುವುದು ವ್ಯರ್ಥವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಅಲ್ಲ. 2016ರ ಅಕ್ಟೋಬರ್ 16ರಂದು ಉಕ್ಕಿನ ಮೇಲ್ಸೇತುವೆ ಬೇಡ ಎಂದು ಬಳ್ಳಾರಿ ರಸ್ತೆಯುದ್ದಕ್ಕೂ ಸಾವಿರಾರು ಜನ ಕೈಕೈ ಹಿಡಿದು ನಿಂತರು, 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ಜನ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ರೈಲಿನಲ್ಲೇ ಪ್ರಯಾಣ ಮಾಡಿ ತೋರಿಸಿದರು, ‘ಬಸ್ ಭಾಗ್ಯ ಬೇಕು’ ಎಂದೂ ಕೇಳಿದರು. ಉಪನಗರ ರೈಲಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ. ಬೇಡ ಎನ್ನಲು ಐದು ತಿಂಗಳು ಸಾಕಾಯಿತು. ಬೇಕು ಎಂದದ್ದಕ್ಕೆ ಒಪ್ಪಿಗೆ ಬರಲಿಕ್ಕೇ ಸುಮಾರು ನಾಲ್ಕು ವರ್ಷ ಹಿಡಿಯಿತು, ರೈಲು ಇನ್ನೂ ಬರಬೇಕು. ಬೇಡ ಎಂದಾಗ ಸರ್ಕಾರ ಸುಮ್ಮನಿದ್ದರೆ ಆಯಿತು. ಬೇಕು ಎಂದಾಗ ಯಾರೋ ಒಬ್ಬರು ಕಡತ ತೆರೆಯಬೇಕು, ಹಣ ಇಡಬೇಕು, ಜಾಗ ಬಿಡಿಸಬೇಕು. ಅಲ್ಲಿಯವರೆಗೂ ಹಿಂದೆ ಬಿದ್ದವರು ಬಿಡದೆ ನಡೆಯಬೇಕಾಗುತ್ತದೆ.

ಹಾಗೆ ನಡೆಯುವವರಿಗೆ ಕಾನೂನೇ ತೆರೆದಿಟ್ಟಿರುವ, ಆದರೆ ಹೆಚ್ಚಿನವರು ಹೊಗದ ಒಂದು ಜಾಗವಿದೆ: ವಿದ್ಯುತ್ ದರದ ಸಾರ್ವಜನಿಕ ವಿಚಾರಣೆ. ವಿದ್ಯುತ್ ಸರಬರಾಜು ಕಂಪನಿಗಳು ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ, ಜನರಿಂದ ಬಂದ ಎಲ್ಲ ಸಲಹೆ, ಆಕ್ಷೇಪಣೆಗಳನ್ನು ಪರಿಶೀಲಿಸಿದ ಮೇಲೆಯೇ ಆಯೋಗ ಆದೇಶ ಹೊರಡಿಸಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಹೇಳುತ್ತದೆ. ವಸಂತನಗರದ ಆಯೋಗದ ಕಚೇರಿಯಲ್ಲಿ ನಡೆದ ಅಂಥ ಒಂದು ವಿಚಾರಣೆಗೆ ನಾನು ಹೋಗಿದ್ದೆ. ಎದುರು ಅಧ್ಯಕ್ಷರು, ಸದಸ್ಯರು. ಒಂದು ಪಕ್ಕ ಕಂಪನಿಯ ಅಧಿಕಾರಿಗಳು ದಪ್ಪ ದಪ್ಪ ಬೈಂಡುಗಳೊಂದಿಗೆ. ಇನ್ನೊಂದು ಪಕ್ಕ ಆಕ್ಷೇಪಣೆ ಹಾಕಿದವರು: ಹಸಿರು ಶಾಲಿನ ರೈತರು, ಸಣ್ಣ ಕೈಗಾರಿಕೆಯವರು, ಒಬ್ಬಿಬ್ಬರು ವಕೀಲರು. ಪೀಣ್ಯದಲ್ಲಿ ಲೇತ್ ಮಷೀನ್ ಇಟ್ಟಿರುವ ಎಪ್ಪತ್ತರ ಆಸುಪಾಸಿನ ಒಬ್ಬರು ಎದ್ದು, ಕಂಪನಿಯ ಅರ್ಜಿಯ ಪುಟ ಸಂಖ್ಯೆ ಹೇಳಿ, ಅಲ್ಲಿ ತೋರಿಸಿರುವ ನಷ್ಟಕ್ಕೂ ಹಿಂದಿನ ವರ್ಷದ ಅಂಕಿಗೂ ತಾಳೆಯಿಲ್ಲವೆಂದು ನಾಲ್ಕೇ ನಿಮಿಷದಲ್ಲಿ ತೋರಿಸಿದರು. ಅಧಿಕಾರಿಗಳು ಬೈಂಡು ತಿರುವಿದರು. ಸಭೆ ಪೂರ್ತಿ ಮೌನವಾಗಿತ್ತು. ಆ ನಾಲ್ಕು ನಿಮಿಷ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರವರ್ಗವಿದೆ. ನಾನು ಕೂತಿದ್ದ ಅಷ್ಟು ಹೊತ್ತೂ ಅದರ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಗಾಡಿ ಬಂದರೂ ಬಾರದಿದ್ದರೂ ಕಟ್ಟಲೇಬೇಕಾದ ನಿಗದಿತ ಶುಲ್ಕ ಸಣ್ಣ ಊರಿನ ಚಾರ್ಜಿಂಗ್ ಕೇಂದ್ರವನ್ನು ಹೇಗೆ ಹಿಂಡುತ್ತದೆ ಎಂದು ಅದನ್ನು ನಡೆಸುವವರು ಬಂದು ಹೇಳಬೇಕಿತ್ತು. ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ, ಬಿಸಿಲಿರುವ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಚಾರ್ಜಿಂಗ್ ದರ ಕಡಿಮೆ ಇರಲಿ ಎನ್ನುತ್ತದೆ. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇಟ್ಟುಕೊಂಡ ರಾಜ್ಯ ನಮ್ಮದು. ಹಗಲು ನಿಲ್ಲುವ ಗೂಡ್ಸ್ ಆಟೋ, ಡಿಪೋದಲ್ಲಿ ಮಧ್ಯಾಹ್ನ ಬಿಡುವಿರುವ ಬಸ್ಸು ಇವಕ್ಕೆ ಆ ಸಾಲಿನಿಂದ ನೇರ ಲಾಭ. ದರ ಪರಿಷ್ಕರಣೆಯ ಅರ್ಜಿ ಬಂದಾಗಲೆಲ್ಲ ಅದನ್ನೂ ಈ ಮಾರ್ಗಸೂಚಿಯನ್ನೂ ಪಕ್ಕಪಕ್ಕ ಇಟ್ಟು ಓದಿ, ವ್ಯತ್ಯಾಸ ಕಂಡರೆ ಆಕ್ಷೇಪಣೆ ಹಾಕಿ. ಅಲ್ಲಿ ಹೇಳಿದ ಮಾತು ಗಾಳಿಗೆ ಹೋಗುವುದಿಲ್ಲ. ಯಾರು ಏನು ಕೇಳಿದರು, ಕಂಪನಿ ಏನು ಉತ್ತರಿಸಿತು, ಆಯೋಗದ ಅಭಿಪ್ರಾಯವೇನು ಎಂಬ ಮೂರೂ ಆದೇಶದ ಭಾಗವಾಗಿ ಅಚ್ಚಾಗುತ್ತವೆ. ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬ ಕಾರಣವಾದರೂ ಕೈಗೆ ಸಿಗುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರುಮಾಡಬಹುದು.

ಹೊತ್ತೂ ನೋಡಿಕೊಳ್ಳಬೇಕು. ಮೋಟಾರು ವಾಹನ ನಿಯಮಗಳ ಕರಡು ಪ್ರಕಟವಾದರೆ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ. ರಾಜ್ಯ ಬಜೆಟ್ಟಿಗೆ ಸೇರಬೇಕಾದ ಮಾತು ಇಲಾಖೆಗೆ ಡಿಸೆಂಬರ್, ಜನವರಿಯಲ್ಲೇ ತಲುಪಿರಬೇಕು; ಮಾರ್ಚಿನಲ್ಲಿ ಬರೆದ ಪತ್ರ ಒಂದು ವರ್ಷ ಕಾಯುತ್ತದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಇದೆ. ಕರ್ನಾಟಕದಲ್ಲಿ ಆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು ಎಂಬ ನಿಯಮವಿದೆ. ಅದನ್ನು ಹಲವರು ಅಡ್ಡಿ ಎನ್ನುತ್ತಾರೆ, ನಾನೂ ಎನ್ನುತ್ತಿದ್ದೆ. ಈಗ ಮನವಿ ಬರೆಯುವಾಗಲೂ ಅದೇ ಅಳತೆ ಇಟ್ಟುಕೊಂಡಿದ್ದೇನೆ. ನೂರೈವತ್ತು ಪದದಲ್ಲಿ ಹೇಳಲಾಗದಿದ್ದರೆ ಏನು ಬೇಕೆಂದು ನನಗೇ ಇನ್ನೂ ತಿಳಿದಿಲ್ಲ ಎಂದು ಮತ್ತೆ ಕೂತು ಯೋಚಿಸುತ್ತೇನೆ.

ಗೂಡ್ಸ್ ಆಟೋದವರಿಗೆ ಫೋನ್ ಮಾಡಿದೆ. ಯಾರ್ಡಿನ ಜಾಗ ಎಪಿಎಂಸಿಯದು, ಹಾಗಾಗಿ ಮೊದಲ ಪತ್ರ ಅಲ್ಲಿನ ಕಾರ್ಯದರ್ಶಿಗೆ. ಸಂಪರ್ಕ ಕೊಡುವುದು ವಿದ್ಯುತ್ ಕಂಪನಿ, ಹಾಗಾಗಿ ಒಂದು ಪ್ರತಿ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರಿಗೆ, ಇನ್ನೊಂದು ಶಾಸಕರಿಗೆ ಎಂದೆ. ಯಾರ್ಡಿಗೆ ಬರುವ ಬ್ಯಾಟರಿ ಗಾಡಿ ಎಷ್ಟು ಎಣಿಸಿ ಎಂದೆ. ಅವರು ನಾನು ಹೇಳಿದ್ದಕ್ಕಿಂತ ಹೆಚ್ಚು ಮಾಡಿದರು. ಒಂದು ವಾರ ಬೆಳಗಿನ ಜಾವ ಗೇಟಿನಲ್ಲಿ ನಿಂತು ಹದಿನಾಲ್ಕು ಗಾಡಿಗಳ ನಂಬರು ಬರೆದುಕೊಂಡಿದ್ದಾರೆ, ಹದಿನಾಲ್ಕು ಜನರ ಸಹಿ ಹಾಕಿಸಿದ್ದಾರೆ. ನಿನ್ನೆ ಪತ್ರದ ಫೋಟೊ ಬಂತು. ಒಂದೇ ಪುಟ. ‘ವೇಬ್ರಿಡ್ಜಿನ ಹಿಂದಿನ ಗೋಡೆಗೆ ಹೊಂದಿಕೊಂಡು ಬಳಕೆಯಿಲ್ಲದೆ ಇರುವ 20 ಅಡಿ ಅಗಲ 40 ಅಡಿ ಉದ್ದದ ಜಾಗವನ್ನು ನಾಲ್ಕು ಚಾರ್ಜಿಂಗ್ ಪ್ಲಗ್‌ಗಳಿಗೆ ಗೊತ್ತುಮಾಡುವ ವಿಷಯವನ್ನು ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರುತ್ತೇವೆ.’ ಮೂಲೆಯಲ್ಲಿ ಕಚೇರಿಯ ಸೀಲು, ತಾರೀಖು, ಕೈಬರಹದಲ್ಲಿ ಸ್ವೀಕೃತಿ ಸಂಖ್ಯೆ. ಸಭೆ 18ಕ್ಕೆ ಇದೆಯಂತೆ. ‘ಒಳಗೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ ಸಾರ್, ಅವತ್ತು ಬಾಡಿಗೆ ಬಿಟ್ಟು ಬಾಗ್ಲಲ್ಲಿ ಕೂತಿರ್ತೀನಿ’ ಎಂದಿದ್ದಾರೆ.